ಝಯಾನ್, ಬ್ರೈಸ್ ಕಣಿವೆಗಳಿಗೆ ಕುಟುಂಬದೊಂದಿಗೆ ಕಾರಿನಲ್ಲಿ ಹೋಗಿಬರುವುದು ಹೇಗೆ?

ಅಮೆರಿಕದ ಲಾಸ್ ವೇಗಸ್‌ನಿಂದ ಹೊರಟು, ಯೂಟಾ ರಾಜ್ಯದ ಝಯಾನ್ ಮತ್ತು ಬ್ರೈಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಂಡು ಮರಳುವುದಕ್ಕೆ ಎರಡು ರಾತ್ರಿ, ಎರಡೂವರೆ ದಿನ ಸಾಕು. ಆದರೂ ಪುಟ್ಟ ಮಕ್ಕಳನ್ನೂ ವಯಸ್ಸಾದ ತಂದೆತಾಯಿಯರನ್ನೂ ಕರೆತಂದ ಎಷ್ಟೋ ಕುಟುಂಬಗಳು ಝಯಾನ್‌ನ ಬಾಗಿಲಲ್ಲೇ ಬಸವಳಿದು ಕುಳಿತಿರುವುದನ್ನು ಕಂಡಿದ್ದೇನೆ. ಅವರು ಬೆಳಗಿನ ತಿಂಡಿ ಮುಗಿಸಿ ನಿಧಾನವಾಗಿ ಹೊರಟು, ನಡುಹಗಲಿಗೆ ಉದ್ಯಾನವನ್ನು ತಲುಪಿ, ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತಾಡಿ, ಕೊನೆಗೆ ಸುಡುಬಿಸಿಲಿನಲ್ಲಿ ಬಸ್ಸಿನ ಸರದಿಗೆ ನಿಂತಿರುತ್ತಾರೆ. ಝಯಾನನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡು, ಉಳಿದೆಲ್ಲವನ್ನೂ ಅದರ ಸುತ್ತ ಹೊಂದಿಸಿದರೆ ಈ ಪ್ರವಾಸ ಸಲೀಸಾಗುತ್ತದೆ.

ಹಂತ 1: ಕಾಲವನ್ನು ಆರಿಸಿಕೊಳ್ಳಿ. ಮೇ ತಿಂಗಳು ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ದಿನಗಳು ಒಳ್ಳೆಯವು. ಜುಲೈ, ಆಗಸ್ಟ್‌ಗಳಲ್ಲಿ ಝಯಾನ್‌ನ ತಳದಲ್ಲಿ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಸಂಜೆಯ ಗುಡುಗುಮಳೆಗಳೂ ಆಗಲೇ ಹೆಚ್ಚು.

ಹಂತ 2: ಪಟ್ಟಿಯನ್ನು ಮೊಟಕುಗೊಳಿಸಿ. ಇದೇ ಪ್ರವಾಸಕ್ಕೆ ಗ್ರ್ಯಾಂಡ್ ಕ್ಯಾನಿಯನನ್ನೂ ಸೇರಿಸಬೇಡಿ. ಬ್ರೈಸ್‌ನಿಂದ ಅದರ ದಕ್ಷಿಣ ಅಂಚಿಗೆ ಸುಮಾರು ಐದು ಗಂಟೆಯ ದಾರಿಯಿದೆ. ಮಕ್ಕಳು ಕಣಿವೆಗಿಂತ ಕಾರಿನ ಸೀಟನ್ನೇ ಹೆಚ್ಚು ನೋಡಬೇಕಾಗುತ್ತದೆ.

ಹಂತ 3: ಕಾರನ್ನು ಸಿದ್ಧಗೊಳಿಸಿ. ಯೂಟಾದಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ, ಅವರು 57 ಇಂಚು ಎತ್ತರ ಬೆಳೆದಿರದಿದ್ದರೆ, ಮಕ್ಕಳ ಸೀಟು ಅಥವಾ ಬೂಸ್ಟರ್ ಸೀಟು ಕಡ್ಡಾಯ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು. ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟಿಸುವ ಅಗ್ಗದ ಫೋನ್ ಹಿಡಿಕೆಗಳು ಈ ಬಿಸಿಲಿಗೆ ಸಡಿಲಗೊಂಡು ತಿರುವಿನ ನಡುವೆ ಕಳಚಿ ಬೀಳುತ್ತವೆ. ಏಸಿ ಕಿಂಡಿಗೆ ಸಿಕ್ಕಿಸುವ ಬಗೆಯದೇ ಮೇಲು. ಎತ್ತರದ ಜಾಗಕ್ಕೆಂದು ಮಾರುವ ಆಮ್ಲಜನಕದ ಡಬ್ಬಿಗಳಿಗೂ ಹಣ ಸುರಿಯಬೇಡಿ. ಅವು ಕೆಲವು ಉಸಿರುಗಳಲ್ಲಿ ಖಾಲಿಯಾಗುತ್ತವೆ. ನೀರು, ವಿಶ್ರಾಂತಿ, ನಿಧಾನದ ನಡಿಗೆ ಅದಕ್ಕಿಂತ ಹೆಚ್ಚು ನೆರವಾಗುತ್ತವೆ. ಪ್ರವೇಶ ಶುಲ್ಕದ ನಿಯಮಗಳನ್ನು ಉದ್ಯಾನದ ಅಧಿಕೃತ ಜಾಲತಾಣದಲ್ಲೇ ನೋಡಿಕೊಳ್ಳಿ. 2026ರಿಂದ ವಿದೇಶಿ ಪ್ರವಾಸಿಗರಿಗೆ ಬೇರೆಯೇ ದರವಿರುವುದರಿಂದ, ಊರಿನಿಂದ ಬಂದ ಹಿರಿಯರು ಜೊತೆಗಿದ್ದರೆ ಈ ಮಾತು ಮುಖ್ಯ.

ಹಂತ 4: ಹಿಂದಿನ ದಿನವೇ ಝಯಾನ್‌ನ ಬಾಗಿಲಿಗೆ ತಲುಪಿ. ಲಾಸ್ ವೇಗಸ್‌ನಿಂದ ಸುಮಾರು 260 ಕಿಲೋಮೀಟರ್ ದೂರದಲ್ಲಿರುವ ಸ್ಪ್ರಿಂಗ್‌ಡೇಲ್ ಊರು ಉದ್ಯಾನದ ಹೊಸ್ತಿಲಿಗೇ ಅಂಟಿಕೊಂಡಿದೆ. ಮಧ್ಯಾಹ್ನ ಹೊರಟರೆ ದಾರಿಯಲ್ಲಿ ಅರಿಜೋನದ ಮೂಲೆಯನ್ನು ಹಾಯುವಾಗ, ಹೆದ್ದಾರಿಯು ವರ್ಜಿನ್ ನದಿಯ ಕಮರಿಯೊಳಗೆ ಹೊಕ್ಕು ಸಾಗುವ ಸೊಗಸಾದ ಭಾಗವನ್ನು ಹಗಲಿನಲ್ಲೇ ಕಾಣಬಹುದು. ಯೂಟಾದ ಗಡಿಯಾರ ನೆವಾಡದ್ದಕ್ಕಿಂತ ಒಂದು ಗಂಟೆ ಮುಂದಿರುವುದನ್ನು ಮರೆತವರು ಹೋಟೆಲಿಗೂ ಊಟಕ್ಕೂ ತಡವಾಗಿ ತಲುಪುತ್ತಾರೆ.

ಹಂತ 5: ಝಯಾನ್‌ನ ಬೆಳಗು. ಎಡವುವವರು ಎಡವುವುದು ಇಲ್ಲಿಯೇ. ವರ್ಷದ ಹೆಚ್ಚಿನ ಕಾಲ ಕಣಿವೆಯ ಒಳರಸ್ತೆಯಲ್ಲಿ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಉದ್ಯಾನದ ಉಚಿತ ಷಟಲ್ ಬಸ್ಸಿನಲ್ಲೇ ಹೋಗಬೇಕು. ಷಟಲ್ ಹೊರಡುವ ಸ್ವಾಗತ ಕೇಂದ್ರದ ಪಾರ್ಕಿಂಗ್ ಬೆಳಿಗ್ಗೆ ಬೇಗನೆ ತುಂಬಿಬಿಡುತ್ತದೆ. ಆದ್ದರಿಂದ ಕಾರನ್ನು ಹೋಟೆಲಿನಲ್ಲೇ ಬಿಟ್ಟು, ಊರಿನ ಷಟಲ್‌ನಲ್ಲಿ ಅಥವಾ ನಡೆದೇ ಪಾದಚಾರಿ ಪ್ರವೇಶದ್ವಾರವನ್ನು ತಲುಪಿ, ಉದ್ಯಾನದ ಮೊದಮೊದಲ ಬಸ್ಸುಗಳಲ್ಲೊಂದನ್ನು ಹಿಡಿಯಿರಿ. ಬಸ್ಸುಗಳ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಅದನ್ನು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಬೇಕು. ಕೊನೆಯ ಬಸ್ಸಿನ ವೇಳೆಯನ್ನು ಮನೆಮಂದಿಗೆಲ್ಲ ತಿಳಿಸಿರಬೇಕು, ಏಕೆಂದರೆ ಅದು ತಪ್ಪಿದರೆ ಕಣಿವೆಯಿಂದ ನಡೆದೇ ಹೊರಬರಬೇಕಾಗುತ್ತದೆ.

ಬಸ್ಸು ಹತ್ತಿದ ಮೇಲೆ ಮೊದಲ ನಿಲ್ದಾಣಗಳಲ್ಲೇ ಇಳಿದು ಬೆಳಗಿನ ತಂಪನ್ನು ಕಳೆದುಕೊಳ್ಳಬೇಡಿ. ನೇರವಾಗಿ ಕೊನೆಯ ನಿಲ್ದಾಣವಾದ ಟೆಂಪಲ್ ಆಫ್ ಸಿನವಾವಕ್ಕೆ ಹೋಗಿ, ಆಮೇಲೆ ಒಂದೊಂದೇ ನಿಲ್ದಾಣ ನೋಡುತ್ತ ಹಿಂದಕ್ಕೆ ಬನ್ನಿ. ಅಲ್ಲಿಂದ ಹೊರಡುವ ರಿವರ್‌ಸೈಡ್ ವಾಕ್ ಎಂಬ ದಾರಿ ಹೋಗಿಬರಲು ಸುಮಾರು ಮೂರೂವರೆ ಕಿಲೋಮೀಟರ್. ನೆಲ ಹಸನಾಗಿರುವುದರಿಂದ ಅಜ್ಜ ಅಜ್ಜಿಯರಿಗೂ ಆಗುತ್ತದೆ. ದಾರಿ ಮುಗಿಯುವಲ್ಲಿ ನದಿಯೇ ಮುಂದಿನ ಹಾದಿ: ಅದು ನ್ಯಾರೋಸ್ ಎಂಬ ಇಕ್ಕಟ್ಟಾದ ಕಮರಿ. ಮೇಲೆ ಆಕಾಶ ನಿರ್ಮಲವಾಗಿದ್ದರೂ, ದೂರದಲ್ಲೆಲ್ಲೋ ಸುರಿದ ಮಳೆ ಹಠಾತ್ ಪ್ರವಾಹವಾಗಿ ಇಲ್ಲಿಗೆ ನುಗ್ಗಬಹುದು, ಆಗ ಎರಡೂ ಬದಿ ಬರೀ ಬಂಡೆಗೋಡೆಗಳೇ ಇರುವುದರಿಂದ ಹತ್ತಿ ಪಾರಾಗಲು ಆಗುವುದಿಲ್ಲ. ಪುಟ್ಟ ಮಕ್ಕಳಿದ್ದರೆ ದಡದಲ್ಲೇ ನಿಲ್ಲಿ. ವರ್ಜಿನ್ ನದಿಯಲ್ಲಿ ವಿಷಕಾರಿ ಸಯನೋಬ್ಯಾಕ್ಟೀರಿಯಾ ಕಂಡುಬಂದಿರುವುದರಿಂದ ಆ ನೀರನ್ನು ಕುಡಿಯುವುದಾಗಲಿ ತಲೆ ಮುಳುಗಿಸುವುದಾಗಲಿ ಕೂಡದು. ಏಂಜಲ್ಸ್ ಲ್ಯಾಂಡಿಂಗ್ ಶಿಖರಕ್ಕೆ 2022ರಿಂದ ಪರವಾನಗಿ ಬೇಕು. ಪರವಾನಗಿ ಸಿಕ್ಕರೂ ಸರಪಳಿ ಹಿಡಿದು ಸಾಗುವ ಆ ಬಂಡೆಯಂಚಿಗೆ ಮಕ್ಕಳನ್ನು ಕರೆದೊಯ್ಯಬಾರದು. ನಡುಹಗಲಿನ ಹೊತ್ತಿಗೆ ನೀವು ಕಣಿವೆಯಿಂದ ಹೊರಬಿದ್ದಿರಬೇಕು.

ಹಂತ 6: ಪೂರ್ವದ ಸುರಂಗದ ಮೂಲಕ ಬ್ರೈಸ್‌ಗೆ. 1930ರಲ್ಲಿ ತೆರೆದ ಝಯಾನ್–ಮೌಂಟ್ ಕಾರ್ಮೆಲ್ ಸುರಂಗ ಸುಮಾರು 1.8 ಕಿಲೋಮೀಟರ್ ಉದ್ದವಿದೆ. ಹೆಡ್‌ಲೈಟ್ ಹಾಕಿಕೊಳ್ಳಿ, ತಂಪು ಕನ್ನಡಕ ತೆಗೆಯಿರಿ, ಒಳಗೆ ಎಲ್ಲಿಯೂ ನಿಲ್ಲಿಸಬೇಡಿ. ಬ್ರೈಸ್ ಇಲ್ಲಿಂದ ಎರಡು ಗಂಟೆಯ ದಾರಿ. ಈ ಸೀಮೆಯಲ್ಲಿ ನಕ್ಷೆಯ ಆ್ಯಪ್ ತೋರಿಸುವ ಮಣ್ಣುದಾರಿಯ ಒಳಹಾದಿಗಳನ್ನು ನಂಬಬಾರದು. ಕಾಟನ್‌ವುಡ್ ಕ್ಯಾನಿಯನ್ ರಸ್ತೆಯಂಥವು ಮಳೆ ಬಿದ್ದರೆ ಜಾರುವ ಜೇಡಿಯಾಗುತ್ತವೆ, ಬಾಡಿಗೆ ಕಾರಿನ ಕರಾರಿನಲ್ಲಿ ಅಂಥ ರಸ್ತೆಗಳಿಗೆ ಸಾಮಾನ್ಯವಾಗಿ ಅನುಮತಿಯೂ ಇರುವುದಿಲ್ಲ. ಮುಸ್ಸಂಜೆಯಲ್ಲಿ ಜಿಂಕೆಗಳು ರಸ್ತೆಗೆ ಬರುವುದರಿಂದ ಬೆಳಕಿರುವಾಗಲೇ ತಲುಪುವುದು ಕ್ಷೇಮ.

ಹಂತ 7: ಬ್ರೈಸ್‌ನಲ್ಲಿ ಸೂರ್ಯೋದಯ. ಇಲ್ಲಿನ ಕಲ್ಲುಕಂಬಗಳ ಅಂಗಳ ಪೂರ್ವಕ್ಕೆ ಮುಖಮಾಡಿರುವುದರಿಂದ ಮುಂಜಾನೆಯೇ ನೋಡಬೇಕು. ಬಿರುಕಿನೊಳಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತ, ಹಗಲು ಕರಗುತ್ತ ಬಂಡೆಯನ್ನು ಸೀಳಿ ಈ ಕಂಬಗಳನ್ನು ರೂಪಿಸಿದೆ; ಮಕ್ಕಳಿಗೆ ಇದನ್ನು ಅಲ್ಲೇ ತೋರಿಸಿ ಹೇಳಿ. ಅಂಚು 2,400 ಮೀಟರಿಗೂ ಎತ್ತರದಲ್ಲಿದೆ, ಝಯಾನ್‌ನ ತಳದ ಸುಮಾರು ಎರಡರಷ್ಟು. ಬೇಸಿಗೆಯಲ್ಲೂ ಬೆಚ್ಚನೆಯ ಉಡುಪು ಬೇಕು. ಕ್ವೀನ್ಸ್ ಗಾರ್ಡನ್ ದಾರಿಯಲ್ಲಿ ಇಳಿಯುವುದು ಸುಲಭ, ಆದರೆ ಹತ್ತುವ ಸರದಿ ಕೊನೆಯಲ್ಲಿ ಬರುತ್ತದೆ. ದಣಿವಾಗುವ ಮೊದಲೇ ಹಿಂತಿರುಗಬೇಕು. ಹಿರಿಯರಿಗೆ ಸನ್‌ರೈಸ್ ಪಾಯಿಂಟ್ ಮತ್ತು ಸನ್‌ಸೆಟ್ ಪಾಯಿಂಟ್ ನಡುವಿನ ಸುಮಾರು 800 ಮೀಟರ್ ಉದ್ದದ ಅಂಚಿನ ದಾರಿಯೇ ಸಾಕು, ನೋಟವೂ ಅಲ್ಲಿಂದಲೇ ಚೆನ್ನ.

ಹಂತ 8: ಮರುಪಯಣ. ಲಾಂಗ್ ವ್ಯಾಲಿ ಜಂಕ್ಷನ್‌ನಿಂದ ಸೀಡರ್ ಸಿಟಿಗೆ ಹೋಗುವ 14ನೇ ರಾಜ್ಯ ಹೆದ್ದಾರಿಯನ್ನು ನಾನು ಮೆಚ್ಚುತ್ತೇನೆ. ಅದು ಸುಮಾರು 3,000 ಮೀಟರ್ ಎತ್ತರಕ್ಕೇರಿ, ಅಲ್ಲಿಂದ 1,800 ಮೀಟರಿನ ಆಸುಪಾಸಿಗೆ ಕಡಿದಾಗಿ ಇಳಿಯುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕಡಿಮೆ ಗೇರಿಗೆ ಹಾಕಿ. ಆಟೋಮ್ಯಾಟಿಕ್ ಕಾರಿನಲ್ಲೂ ಎಲ್ ಅಥವಾ ಮ್ಯಾನುಯಲ್ ಸ್ಥಾನವಿರುತ್ತದೆ. ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಆದ್ದರಿಂದ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ತಾನಾಗಿಯೇ ತಣಿಯಲು ಬಿಡಿ. ಚಕ್ರದ ಮೇಲೆ ನೀರು ಸುರಿಯಬೇಡಿ, ಕಾದ ಡಿಸ್ಕ್ ಬಾಗಬಹುದು ಅಥವಾ ಬಿರುಕು ಬಿಡಬಹುದು. ಹಿಮ ಬಿದ್ದಿರುವ ದಿನಗಳಲ್ಲಿ ಈ ದಾರಿಯನ್ನು ಬಿಟ್ಟು, ಉತ್ತರಕ್ಕಿರುವ 20ನೇ ರಾಜ್ಯ ಹೆದ್ದಾರಿಯಿಂದ ಅಂತರರಾಜ್ಯ ಹೆದ್ದಾರಿ 15ನ್ನು ಸೇರಿಕೊಳ್ಳಿ.