ಹಲವು ನುಡಿಗಳ (ಚರಣಗಳ) ಜನಪದ ಹಾಡಿಗೆ ಸ್ವರಲಿಪಿಯ ಪುಟ ಕಟ್ಟುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯಲ್ಲಿ ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಯಿಂದ ಮನೆಗೆ ಹೋಗುವ ಅಂಟಿಗೆ-ಪಂಟಿಗೆ ತಂಡದ ಹಾಡನ್ನು ಶಾಲೆಯ ಮಕ್ಕಳಿಗೋ ಕೀಬೋರ್ಡ್, ಪಿಟೀಲು ನುಡಿಸುವವರಿಗೋ ಕೊಡಬೇಕೆಂದರೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯ ಪುಟ ಅನುಕೂಲ. ಇಂಥ ಹಾಡುಗಳಲ್ಲಿ ಮಟ್ಟು ಚಿಕ್ಕದು, ನುಡಿಗಳು ಹಲವು. ಹೀಗಾಗಿ ಕೆಲಸದ ಬಹುಪಾಲು ನುಡಿಗಳನ್ನು ಸ್ವರಗಳ ಕೆಳಗೆ ಕೂರಿಸುವುದರಲ್ಲೇ ಇದೆ.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಧ್ವನಿಮುದ್ರಿಕೆಯನ್ನು ಕೇಳುತ್ತಾ ಎಲ್ಲ ನುಡಿಗಳನ್ನೂ ಹಾಳೆಯ ಮೇಲೆ ಒಂದರ ಕೆಳಗೊಂದು, ಪೆಟ್ಟು ಬೀಳುವ ಅಕ್ಷರಗಳು ಒಂದೇ ಸಾಲಿಗೆ ಬರುವಂತೆ ಬರೆದುಕೊಳ್ಳಿ. ಹಾಡುಗಾರರ ಮಾತಿನ ರೂಪವನ್ನು ಗ್ರಂಥಭಾಷೆಗೆ ತಿದ್ದಬೇಡಿ. ತಿದ್ದಿದರೆ ಅಕ್ಷರಗಳ ಲೆಕ್ಕವೇ ಬದಲಾಗುತ್ತದೆ. ಮುಂದಾಳು ಹಾಡಿದ ಸಾಲನ್ನೇ ಹಿಮ್ಮೇಳದವರು ಮತ್ತೆ ಹಾಡುವುದಾದರೆ ಪುನರಾವರ್ತನೆಯ ಚಿಹ್ನೆ ಸಾಕು. ಆದರೆ ಮುಂದಾಳಿನ ಸಾಲು ಮುಗಿಯುವ ಮೊದಲೇ ಹಿಮ್ಮೇಳ ಎತ್ತಿಕೊಂಡರೆ ಅದಕ್ಕೆ ಬೇರೆಯೇ ಐದು ಗೆರೆ ಬೇಕಾಗುತ್ತದೆ. ಶ್ರುತಿಯ ವಿಷಯದಲ್ಲಿ, ಹಾಡುಗಾರರು ಹಿಡಿದ ಶ್ರುತಿಗೇ ಅಂಟಿಕೊಂಡು ಪುಟದ ತುಂಬ ಸ್ವರವನ್ನು ಏರಿಸುವ, ಇಳಿಸುವ ಶಾರ್ಪ್, ಫ್ಲ್ಯಾಟ್ ಚಿಹ್ನೆಗಳನ್ನು ತುಂಬುವುದಕ್ಕಿಂತ ಆಧಾರ ಸ್ವರವಾದ ಷಡ್ಜವನ್ನು ಸಿ ಅಥವಾ ಜಿ ಸ್ವರಕ್ಕೆ ಇಟ್ಟು, ಮೂಲ ಶ್ರುತಿಯನ್ನು ಮೇಲೆ ನಮೂದಿಸುವುದೇ ಲೇಸು.

ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಮೊದಲು ಸ್ವರಗಳನ್ನು ಮುಗಿಸಿ, ಮೊದಲ ಸ್ವರವನ್ನು ಆಯ್ದು ಕಂಟ್ರೋಲ್ ಮತ್ತು ಎಲ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಸಾಹಿತ್ಯ ಬರೆಯುವ ಜಾಗ ತೆರೆಯುತ್ತದೆ. ಪದ ಮುಗಿದಾಗ ಸ್ಪೇಸ್, ಪದದೊಳಗಿನ ಅಕ್ಷರಗಳ ನಡುವೆ ಹೈಫನ್, ಕೊನೆಯ ಅಕ್ಷರವನ್ನು ಹಲವು ಸ್ವರಗಳ ಮೇಲೆ ಎಳೆಯುವಾಗ ಅಂಡರ್‌ಸ್ಕೋರ್ ಒತ್ತಬೇಕು. ಎಂಟರ್ ಒತ್ತಿದರೆ ಮುಂದಿನ ನುಡಿಯ ಸಾಲು ಸಿಗುತ್ತದೆ. ಸ್ವರಗಳನ್ನು ಪಠ್ಯದ ಸಂಕೇತಗಳಲ್ಲಿ ಬರೆಯುವ ಲಿಲಿಪಾಂಡ್ ತಂತ್ರಾಂಶ ಬಳಸುವವರು ಪದದೊಳಗಿನ ಅಕ್ಷರಗಳ ನಡುವೆ ಎರಡು ಹೈಫನ್‌ಗಳನ್ನು ಜೋಡಿಸಿ ಬರೆದು, ಅವುಗಳ ಎರಡೂ ಬದಿ ಜಾಗ ಬಿಡುವುದನ್ನು ಮರೆಯಬಾರದು.

ಕನ್ನಡದಲ್ಲಿ ನಿಜವಾದ ತೊಡಕು ಒತ್ತಕ್ಷರದ್ದು. ‘ಅಣ್ಣಯ್ಯ’ ಎಂಬುದನ್ನು ಉಚ್ಚಾರಣೆಗೆ ತಕ್ಕಂತೆ ‘ಅಣ್-ಣಯ್-ಯ’ ಎಂದು ಒಡೆದರೆ ಓದುವವರು ತಡವರಿಸುತ್ತಾರೆ. ‘ಅ-ಣ್ಣ-ಯ್ಯ’ ಎಂದು ಒಡೆದರೆ ಕಣ್ಣಿಗೆ ಪರಿಚಿತ ರೂಪವೇ ಉಳಿಯುತ್ತದೆ, ನಾಲಿಗೆ ತನ್ನಷ್ಟಕ್ಕೆ ಸರಿಮಾಡಿಕೊಳ್ಳುತ್ತದೆ. ಒತ್ತು ಕೆಳಗೆ ಇಳಿದು ಮುಂದಿನ ನುಡಿಯ ಗುಡಿಸಿಗೆ ತಾಗುವುದರಿಂದ ನುಡಿಗಳ ನಡುವಿನ ಅಂತರವನ್ನು ಇಂಗ್ಲಿಷ್ ಸಾಹಿತ್ಯಕ್ಕೆ ಇಡುವುದಕ್ಕಿಂತ ಹೆಚ್ಚಿಸಲೇಬೇಕು. ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಸಾಹಿತ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಿ, ನೋಟೋ ಸೆರಿಫ್ ಕನ್ನಡದಂಥ ಫಾಂಟನ್ನು ನೀವೇ ಆರಿಸಿ.

ಎರಡನೆಯ ನುಡಿಯಲ್ಲಿ ಒಂದು ಅಕ್ಷರ ಹೆಚ್ಚಿದ್ದರೆ ಆ ಜಾಗದ ಸ್ವರವನ್ನು ಎರಡಾಗಿ ಒಡೆದು, ಮೊದಲ ನುಡಿಯವರಿಗಾಗಿ ಅವೆರಡನ್ನೂ ಚುಕ್ಕಿಗೆರೆಯ ಕಮಾನಿನಿಂದ ಜೋಡಿಸಬಹುದು. ಇಂಥ ಜಾಗಗಳು ಹೆಚ್ಚಾದರೆ ಆ ನುಡಿಗೆ ಸ್ವರಗಳನ್ನು ಬೇರೆಯಾಗಿ ಬರೆಯುವುದೇ ವಾಸಿ. ಸ್ವರದ ಕೆಳಗೆ ಮೂರು, ಹೆಚ್ಚೆಂದರೆ ನಾಲ್ಕು ನುಡಿಗಳಿರಲಿ. ಪ್ರತಿ ಸಾಲಿನ ಮೊದಲಿಗೆ ನುಡಿಯ ಸಂಖ್ಯೆ ಹಾಕಿ, ಉಳಿದ ನುಡಿಗಳನ್ನು ಪುಟದ ತಳದಲ್ಲಿ ಪದ್ಯದಂತೆ ಅಚ್ಚುಮಾಡಿ.

ಪಿಡಿಎಫ್ ಸಿದ್ಧವಾದ ಮೇಲೆ, ಹಾಡು ಗೊತ್ತಿಲ್ಲದ ಒಬ್ಬರಿಂದ ಮೊದಲನೆಯದನ್ನು ಬಿಟ್ಟು ಮೂರನೆಯ ನುಡಿಯನ್ನೇ ಹಾಡಿಸಿ. ಅವರು ನಿಂತ ಜಾಗದಲ್ಲಿ ಅಕ್ಷರವೊಂದು ತನ್ನ ಸ್ವರದ ಕೆಳಗಿನಿಂದ ಸರಿದಿದೆಯೇ ಎಂದು ಮೊದಲು ನೋಡಿ.