ಸೊಟ್ಟ ಮೂಗಿಗೆ ಶಸ್ತ್ರಚಿಕಿತ್ಸೆ: ತೀರ್ಮಾನಕ್ಕೆ ಮೊದಲು ನಾನು ಅಳೆದು ನೋಡಿದ್ದು

ಕನ್ನಡಿಯಲ್ಲಿ ಎಡಕ್ಕೆ ವಾಲಿದಂತೆ ಕಾಣುವ ಮೂಗು ಫೋಟೋದಲ್ಲಿ ಬಲಕ್ಕೆ ವಾಲಿರುತ್ತದೆ. ದಿನವೂ ಕನ್ನಡಿಯನ್ನೇ ನೋಡಿ ಅಭ್ಯಾಸವಾದ ಕಣ್ಣಿಗೆ ಫೋಟೋದ ಓರೆ ಇಮ್ಮಡಿಯಾಗಿ ತೋರುವುದು ಅದಕ್ಕೇ. ಸೆಲ್ಫಿ ಇನ್ನೂ ದಾರಿ ತಪ್ಪಿಸುತ್ತದೆ: ಐದಡಿ ದೂರದ ಚಿತ್ರಕ್ಕಿಂತ ಒಂದಡಿ ದೂರದ ಚಿತ್ರದಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಆದ್ದರಿಂದ ನಾನು ಶುರು ಮಾಡಿದ್ದೇ ಸರಿಯಾದ ಚಿತ್ರಗಳಿಂದ. ಕಿಟಕಿಗೆ ಮುಖ ಮಾಡಿ ಕೂತು, ಒಂದೂವರೆ ಮೀಟರ್ ದೂರದಿಂದ, ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿಸಿ, ಎರಡು ಪಟ್ಟು ಝೂಮ್‌ನಲ್ಲಿ ಆರು ಚಿತ್ರ: ನೇರ ಒಂದು, ಪಕ್ಕದ್ದು ಎರಡು, ಮುಕ್ಕಾಲು ತಿರುಗಿದ್ದು ಎರಡು, ತಲೆ ಹಿಂದಕ್ಕೆ ಬಾಗಿಸಿ ಹೊಳ್ಳೆಗಳು ಕಾಣುವಂತೆ ಒಂದು.

ನೇರ ಚಿತ್ರವನ್ನು ಪ್ರಿಂಟ್ ಹಾಕಿಸಿ ಸ್ಕೇಲ್ ಇಟ್ಟೆ. ಹುಬ್ಬುಗಳ ನಡು, ಮೇಲ್ತುಟಿಯ ನಡು, ಗದ್ದದ ನಡು, ಈ ಮೂರೂ ಒಂದೇ ಗೆರೆಯಲ್ಲಿದ್ದು ಮೂಗು ಮಾತ್ರ ಆಚೆ ಹೋಗಿದ್ದರೆ ಓರೆ ಮೂಗಿನದ್ದು. ಗದ್ದವೇ ಸರಿದಿದ್ದರೆ ಅಥವಾ ಒಂದು ಕೆನ್ನೆ ಚಪ್ಪಟೆಯಾಗಿದ್ದರೆ ಮೂಗನ್ನು ಎಷ್ಟು ನೇರ ಮಾಡಿದರೂ ಮುಖದ ಮೇಲೆ ಅದು ನೇರ ಕಾಣುವುದಿಲ್ಲ. ಈ ಒಂದು ಗೆರೆ ಎಳೆಯದೆ ಯಾರೂ ಆಪರೇಷನ್ ಥಿಯೇಟರಿನ ಬಾಗಿಲು ತಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಓರೆ ಎಲ್ಲಿದೆ ಎಂದು ಹುಡುಕಬೇಕು. ಮೂಗಿನ ಮೇಲಿನ ಮೂರನೇ ಒಂದು ಭಾಗ ಎಲುಬು. ಕಬಡ್ಡಿಯಲ್ಲೋ ಬೈಕಿನಿಂದ ಬಿದ್ದೋ ಪೆಟ್ಟಾದವರಲ್ಲಿ ತಿರುಗಿರುವುದು ಹೆಚ್ಚಾಗಿ ಇದೇ. ನಡುಭಾಗ ಮತ್ತು ತುದಿ ಕಾರ್ಟಿಲೇಜ್, ಅಂದರೆ ಬಾಗುವ ಮೆದು ಎಲುಬು. ಒಳಗೆ ಎರಡು ಹೊಳ್ಳೆಗಳ ನಡುವಿನ ಗೋಡೆ, ಸೆಪ್ಟಮ್, ಎತ್ತ ಬಾಗಿದೆಯೋ ಹೊರಗಿನ ಮೂಗೂ ಹೆಚ್ಚಾಗಿ ಅತ್ತಲೇ ಹೋಗುತ್ತದೆ. ಗೋಡೆ ಹಾಗೇ ಬಿಟ್ಟು ಹೊರಗಿನ ಎಲುಬನ್ನಷ್ಟೇ ಸರಿಸಿದರೆ ಕೆಲವೇ ತಿಂಗಳಲ್ಲಿ ಮೂಗು ಮತ್ತೆ ಹಳೆಯ ದಿಕ್ಕಿಗೆ ಹೊರಳುವುದು ಇದರಿಂದಲೇ.

ಉಸಿರಾಟವನ್ನು ಒಂದೇ ಸಲ ನೋಡಿ ನಿರ್ಧರಿಸಬಾರದು. ಆರೋಗ್ಯವಂತರಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆ ಬಿಗಿದು ಇನ್ನೊಂದು ಸಡಿಲವಾಗುತ್ತಾ ಇರುತ್ತದೆ. ತಣ್ಣಗಿನ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು ಮೂಡುವ ಎರಡು ಆವಿ ಕಲೆಗಳನ್ನು ವಾರವಿಡೀ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೋಲಿಸಿದೆ. ಒಂದೇ ಬದಿ ಯಾವಾಗಲೂ ಚಿಕ್ಕದಿದ್ದರೆ ಅಲ್ಲಿ ಏನೋ ತಡೆ ಇದೆ. ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಎಳೆದಾಗ ಉಸಿರು ತಟ್ಟನೆ ಸಲೀಸಾದರೆ ನಡುಭಾಗದ ಕವಾಟ, ಅಂದರೆ ಗಾಳಿ ಹಾಯುವ ಇಕ್ಕಟ್ಟಿನ ಜಾಗ, ಕಿರಿದಾಗಿದೆ ಎಂಬ ಸುಳಿವು. ಇದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮನೆ ಗೋಡೆಯ ಬೂಸ್ಟು, ಹಾಸಿಗೆಯ ಧೂಳು ಸೇರಿ ಅಲರ್ಜಿಯಿಂದಲೇ ಮೂಗು ಕಟ್ಟುತ್ತದೆ. ಅದಕ್ಕೆ ಸ್ಪ್ರೇಯ ಮದ್ದು ಮೊದಲು. ಅಲರ್ಜಿ ಹಿಡಿತಕ್ಕೆ ಬರುವ ಮುನ್ನ ಕತ್ತಿ ಆಡಿಸಿದರೆ ಮೂಗು ನೇರವಾಗಿಯೂ ಕಟ್ಟಿಕೊಂಡೇ ಇರುತ್ತದೆ.

ಮಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಒಂದು ಅನುಕೂಲವೆಂದರೆ ಇ.ಎನ್.ಟಿ. ಮತ್ತು ಪ್ಲಾಸ್ಟಿಕ್ ಸರ್ಜರಿ ಎರಡರ ಅಭಿಪ್ರಾಯವೂ ಹತ್ತಿರದಲ್ಲೇ ಸಿಗುವುದು. ಎರಡೂ ಕಡೆ ತೋರಿಸಿದೆ. ಎಂಡೋಸ್ಕೋಪಿ (ಸಣ್ಣ ಕ್ಯಾಮೆರಾ ಕೊಳವೆಯಿಂದ ಮೂಗಿನ ಒಳಗೆ ನೋಡುವ ಪರೀಕ್ಷೆ) ಇಲ್ಲದೆ ಬರೀ ಹೊರಗಿಂದ ನೋಡಿ ದಿನಾಂಕ ಕೊಡುವವರಲ್ಲಿಗೆ ಮರಳಿ ಹೋಗಬೇಡಿ. ಕೇಳಬೇಕಾದ ಪ್ರಶ್ನೆಗಳು ಇಷ್ಟು: ಸೆಪ್ಟಮ್‌ನಲ್ಲಿ ಎಷ್ಟು ಉಳಿಸುತ್ತೀರಿ? ಮೇಲಂಚಿಗೂ ತುದಿಯ ಕಡೆಗೂ ಕನಿಷ್ಠ 1 ಸೆಂ.ಮೀ. ಅಗಲದ ಪಟ್ಟಿ ಉಳಿಯಲೇಬೇಕು, ಇಲ್ಲವಾದರೆ ಮೂಗಿನ ಬೆನ್ನು ಕುದುರೆಯ ಜೀನಿನಂತೆ ಕುಸಿಯುತ್ತದೆ. ಬಾಗಿದ ಬದಿಗೆ ಊರುಗೋಲಿನಂತೆ ಕಾರ್ಟಿಲೇಜ್ ಪಟ್ಟಿ ಇಡುತ್ತೀರಾ? ಅದು ಸೆಪ್ಟಮ್‌ನಿಂದಲೇ ಸಿಗುತ್ತದೆಯೇ, ಕಿವಿಯಿಂದ ತೆಗೆಯಬೇಕೇ? ಮತ್ತೊಮ್ಮೆ ಸರಿಪಡಿಸಬೇಕಾಗಿ ಬಂದರೆ ಖರ್ಚು ಯಾರದು?

ಕಾರ್ಟಿಲೇಜಿಗೆ ಹಳೆಯ ಬಾಗುವಿಕೆಗೆ ಮರಳುವ ಗುಣವಿದೆ. ಪೂರ್ತಿ ನೇರವಾಗುತ್ತದೆ ಎಂದು ಮಾತು ಕೊಡುವವರನ್ನು ನಾನು ನಂಬುವುದಿಲ್ಲ. ಚುಚ್ಚುಮದ್ದಿನ ಫಿಲ್ಲರ್ ತಗ್ಗನ್ನು ತುಂಬಿ ಓರೆಯನ್ನು ಮರೆಸುತ್ತದೆ, ಉಸಿರಾಟಕ್ಕೆ ಏನೂ ಮಾಡುವುದಿಲ್ಲ. ಅದು ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ದೃಷ್ಟಿಯೇ ಹೋಗಬಹುದು. ಬ್ಯೂಟಿ ಪಾರ್ಲರಿನಲ್ಲಿ ಖಂಡಿತ ಬೇಡ.

ಹಣದ ವಿಷಯ ಚಿಕ್ಕದಾಗಿ. ಬರೀ ಅಂದಕ್ಕಾಗಿ ಮಾಡಿಸಿದರೆ ವಿಮೆ ಸಿಗದು, ಬಿಲ್ಲಿಗೆ ಶೇ 18 ಜಿಎಸ್‌ಟಿಯೂ ಸೇರುತ್ತದೆ. ಅಪಘಾತದ ಪೆಟ್ಟು ಅಥವಾ ಹುಟ್ಟಿನಿಂದ ಬಂದ ದೋಷವನ್ನು ಸರಿಪಡಿಸುವುದಾದರೆ ಆ ತೆರಿಗೆ ಇಲ್ಲ. ಉಸಿರಾಟದ ಭಾಗಕ್ಕೆ ಬೇರೆ ಅಂದಾಜು ಪಟ್ಟಿ ಬರೆಸಿಕೊಂಡು ವಿಮೆಯವರಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯಬೇಕು.

ಶಸ್ತ್ರಚಿಕಿತ್ಸೆಗೆ ಡಿಸೆಂಬರ್, ಜನವರಿ ಒಳ್ಳೆಯದು. ಸೆಕೆ ಕಡಿಮೆ ಇದ್ದರೆ ಮೂಗು ಅಲುಗದಂತೆ ಮೇಲೆ ಕೂರಿಸುವ ಗಟ್ಟಿ ಅಚ್ಚಿನ ಪಟ್ಟಿ ಬೆವರಿಗೆ ಕಿತ್ತು ಬರುವುದಿಲ್ಲ. ಆ ಅಚ್ಚು ಸುಮಾರು ಒಂದು ವಾರ ಇರುತ್ತದೆ. ಬೀಡಿ, ಸಿಗರೇಟ್, ತಂಬಾಕು ನಾಲ್ಕು ವಾರ ಮೊದಲೇ ನಿಲ್ಲಬೇಕು. ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ವೈದ್ಯರ ಮಾತಿನಂತೆ ಮಾತ್ರ ಬಿಡಬೇಕು. ಮೂಗುತಿ ಹಿಂದಿನ ದಿನವೇ ತೆಗೆದಿಡಿ. ಮನೆಗೆ ಬಂದ ಮೇಲೆ ಎರಡು ದಿಂಬಿನ ಮೇಲೆ ತಲೆ ಎತ್ತರಿಸಿ ಮಲಗುವುದು, ಆರಿದ ಕುಚಲಕ್ಕಿ ಗಂಜಿ ಉಣ್ಣುವುದು, ಎರಡು ವಾರ ಮೂಗು ಸೀಟದಿರುವುದು. ಮೆಣಸಿನ ಒಗ್ಗರಣೆಯ ಘಾಟಿನಿಂದ ದೂರವಿರಿ. ಸೀನು ಬಂದರೆ ಬಾಯಿ ತೆರೆದೇ ಸೀನಿ. ಮೂಗಿನ ಒಳಗೆ ತೊಳೆಯಲು ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಸಾಕು. ಬಾವಿ ನೀರಾದರೂ ನಲ್ಲಿ ನೀರಾದರೂ ಕುದಿಸಿ ಆರಿಸಿಯೇ ಬಳಸಬೇಕು. ಕುದಿಸದ ನೀರಿನಲ್ಲಿ ಮೂಗಿನಿಂದ ಮಿದುಳಿಗೆ ಹೋಗುವ ಅಮೀಬಾ ಇರುವ ಅಪಾಯವಿದೆ. ಕನ್ನಡಕ ಆರು ವಾರ ಮೂಗಿನ ಮೇಲೆ ಕೂರಬಾರದು, ಹಣೆಗೆ ಟೇಪಿನಿಂದ ಅಂಟಿಸಿಕೊಳ್ಳಬಹುದು.

ಜ್ವರ, ನಿಲ್ಲದ ರಕ್ತ, ಅಥವಾ ಎರಡೂ ಹೊಳ್ಳೆ ಮುಚ್ಚಿ ಸಿಡಿಯುವ ನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸೆಪ್ಟಮ್‌ನಲ್ಲಿ ರಕ್ತ ಕಟ್ಟಿದ್ದರೆ ಕೆಲವೇ ದಿನಗಳಲ್ಲಿ ಕಾರ್ಟಿಲೇಜ್ ಸಾಯುತ್ತದೆ.

ಬಾವು ಮೂರು ತಿಂಗಳಲ್ಲಿ ಬಹುಪಾಲು ಇಳಿಯುತ್ತದೆ, ತುದಿಯದು ಮಾತ್ರ ಒಂದು ವರ್ಷದವರೆಗೂ ಎಳೆಯುತ್ತದೆ. ಅಷ್ಟರವರೆಗೆ ಅದೇ ಕಿಟಕಿ, ಅದೇ ದೂರ, ಅದೇ ಆರು ಚಿತ್ರಗಳನ್ನು ತಿಂಗಳಿಗೊಮ್ಮೆ ತೆಗೆಸುತ್ತಾ ಬಂದೆ. ಗೆರೆಯನ್ನು ಎರಡನೇ ಸಲ ಎಳೆದದ್ದು ಹನ್ನೆರಡನೇ ತಿಂಗಳ ಚಿತ್ರದ ಮೇಲೆ.