ಡಿಕ್ಕಿಯಲ್ಲಿ ರೇಡಿಯೊ, ಗಾಜಿನ ಮೇಲೆ ಆಂಟೆನಾ

ಎಂಬತ್ತರ ದಶಕದ ಕೊನೆಯಲ್ಲಿ ಷಿಕಾಗೋದ ಒಂದು ಅಂಗಡಿಯಲ್ಲಿ ಕಾರುಗಳಿಗೆ ಫೋನ್ ಕೂರಿಸುವ ಕೆಲಸ ಮಾಡುತ್ತಿದ್ದೆ. 1983ರ ಅಕ್ಟೋಬರ್‌ನಲ್ಲಿ ಅಮೆರಿಟೆಕ್ ಕಂಪನಿ ಅಮೆರಿಕದ ಮೊದಲ ಸೆಲ್ಯುಲಾರ್ ಸೇವೆ ಶುರುಮಾಡಿದ್ದು ಇದೇ ಊರಲ್ಲಿ. ಮೋಟೊರೋಲಾದ ಡೈನಾಟ್ಯಾಕ್ ಮೊಬೈಲಿನ ಫೋಟೊ ನೀವೂ ನೋಡಿರುತ್ತೀರಿ, ಇಟ್ಟಿಗೆಯಂಥದ್ದು. ಮೊದಲು ಬಂದಾಗ ಬೆಲೆ 3,995 ಡಾಲರ್, ಮಾತಾಡಲು ಸಿಗುತ್ತಿದ್ದದ್ದು ಅರ್ಧ ಗಂಟೆ. ನಮ್ಮ ಗಿರಾಕಿಗಳು ಜಾಸ್ತಿ ಕೇಳುತ್ತಿದ್ದದ್ದು ಕಾರಿನ ಫೋನನ್ನೇ. ಕೈಯಲ್ಲಿ ಹಿಡಿಯುವ ಸೆಟ್ಟಿನ ಶಕ್ತಿ 0.6 ವ್ಯಾಟ್, ಕಾರಿನದ್ದು 3 ವ್ಯಾಟ್. ಊರಾಚೆ ಹೋದರೆ ವ್ಯತ್ಯಾಸ ಗೊತ್ತಾಗುತ್ತಿತ್ತು.

ಕಾರಿನ ಫೋನಿನ ಸಿಗ್ನಲ್ ಕಳಿಸಿ ಹಿಡಿಯುವ ರೇಡಿಯೊ ಪೆಟ್ಟಿಗೆ ಡಿಕ್ಕಿಯಲ್ಲಿ. ಅಲ್ಲಿಂದ ಕೇಬಲನ್ನು ಕಾರ್ಪೆಟ್ ಅಡಿಯಲ್ಲಿ ತೂರಿಸಿ ಮುಂದಿನ ಸೀಟಿನ ತನಕ ತರಬೇಕು. ಕೆಂಪು ತಂತಿ ಫ್ಯೂಸ್ ಮೂಲಕ ಬ್ಯಾಟರಿಗೆ, ಕಪ್ಪು ತಂತಿ ಕಾರಿನ ಲೋಹದ ಮೈಗೆ, ಇನ್ನೊಂದು ಇಗ್ನಿಷನ್‌ಗೆ. ಇದೆಲ್ಲ ಬೇಗ ಮುಗಿಯುತ್ತಿತ್ತು. ತಾಳ್ಮೆ ಬೇಕಿದ್ದದ್ದು ಆಂಟೆನಾಗೆ. ಹೊಸ ಕಾರಿಗೆ ತೂತು ಕೊರೆಯುತ್ತೇನೆ ಅಂದರೆ ಯಾರು ಒಪ್ತಾರೆ? ಹಾಗಾಗಿ ಹಿಂದಿನ ಗಾಜಿಗೆ ಅಂಟಿಸುತ್ತಿದ್ದೆವು. ಹೊರಗೊಂದು ತುಂಡು, ಒಳಗೆ ಸರಿಯಾಗಿ ಅದರ ಹಿಂದೆ ಇನ್ನೊಂದು. ಸಿಗ್ನಲ್ ಗಾಜು ದಾಟಿಕೊಂಡೇ ಹೋಗುತ್ತದೆ. ಮೊದಲು ಗಾಜನ್ನು ಸ್ಪಿರಿಟ್ ಹಾಕಿ ಒರೆಸಬೇಕು. ಚಳಿಗಾಲದಲ್ಲಿ ಹೇರ್ ಡ್ರೈಯರ್ ಹಿಡಿದು ಬೆಚ್ಚಗೂ ಮಾಡುತ್ತಿದ್ದೆ, ಇಲ್ಲದಿದ್ದರೆ ಅಲ್ಲಿನ ಚಳಿಗೆ ಅಂಟು ಹಿಡಿಯೋದೇ ಇಲ್ಲ. ಮಂಜು ಕರಗಿಸುವ ತಂತಿಗೆರೆಗಳ ಮೇಲೆ ಕೂರಿಸಬಾರದು. ಗಾಜಿನ ಟಿಂಟ್‌ನಲ್ಲಿ ಲೋಹ ಇದ್ದರಂತೂ ಈ ಆಟ ನಡೆಯದು.

ಸಿಮ್ ಇರಲಿಲ್ಲ ಅಲ್ವಾ, ನಂಬರನ್ನು ಸೆಟ್ಟಿನೊಳಗೇ ತುಂಬಬೇಕು. ಹಳೆಯವಕ್ಕೆ ಪುಟ್ಟ ಚಿಪ್ ಒಂದರಲ್ಲಿ ಬರೆದು ಕೂರಿಸಬೇಕಿತ್ತು. ಆಮೇಲೆ ಬಂದವಕ್ಕೆ ಕೀಪ್ಯಾಡೇ ಸಾಕು. ಆಗ ಸೆಲ್ಯುಲಾರ್ ಸೇವೆ ಕೊಡಲು ಊರಿಗೆ ಎರಡೇ ಲೈಸೆನ್ಸು, ಎ ಮತ್ತು ಬಿ. ಬಿ ಅಂದರೆ ಲ್ಯಾಂಡ್‌ಲೈನ್ ಕಂಪನಿಯವರದ್ದು. ಸೆಟ್ ಮೊದಲು ಹುಡುಕಬೇಕಾದ ಚಾನೆಲನ್ನೂ ತುಂಬಬೇಕು; ಎ ಆದರೆ 333, ಬಿ ಆದರೆ 334 ಅಂತ ಒತ್ತುವುದು ಬೆರಳಿಗೇ ರೂಢಿಯಾಗಿತ್ತು.

ಅಂಗಡಿಗೆ ಸೆಟ್ ಮಾರಿ ಸಿಗುತ್ತಿದ್ದದ್ದು ಅಷ್ಟಕ್ಕಷ್ಟೆ. ನಿಜವಾದ ದುಡ್ಡು ಕನೆಕ್ಷನ್ ಮಾಡಿಸಿದ್ದಕ್ಕೆ ಕಂಪನಿ ಕೊಡುವ ಕಮಿಷನ್. ಆ ಧೈರ್ಯದಲ್ಲೇ ಸೆಟ್ಟನ್ನು ಅಸಲಿಗಿಂತ ಕಡಿಮೆಗೂ ಬಿಟ್ಟುಕೊಡುತ್ತಿದ್ದರು. ಗಿರಾಕಿ ಬೇಗ ಕನೆಕ್ಷನ್ ಬಿಟ್ಟರೆ ಮಾತ್ರ ಕಮಿಷನ್ ವಾಪಸ್ ಕೊಡಬೇಕು. ಮಾತು ಕಟ್ ಆಗುತ್ತಿದ್ದರೆ ಗಿರಾಕಿ ನಿಲ್ಲುತ್ತಾನಾ? ಅದಕ್ಕೇ ಕೆಲಸ ಮುಗಿದ ಮೇಲೆ ಅವರನ್ನು ಕೂರಿಸಿಕೊಂಡು, ಫೋನ್ ಮಾಡಿಸುತ್ತಾ ಒಂದು ಸುತ್ತು ಹೋಗಿ ಬರುತ್ತಿದ್ದೆ. ಕ್ರೆಡಿಟ್ ಕಾರ್ಡ್ ನಂಬರನ್ನು ಇದರಲ್ಲಿ ಹೇಳಬೇಡಿ ಅಂತ ಆಗಲೇ ಎಚ್ಚರಿಸುತ್ತಿದ್ದೆ. ಆಗಿನ ಅನಲಾಗ್ ಫೋನಿನ ಮಾತು ಗುಟ್ಟುಮಾಡದೆ ಹಾಗೇ ಗಾಳಿಯಲ್ಲಿ ಹೋಗುತ್ತಿತ್ತು, ಅದನ್ನು ಸ್ಕ್ಯಾನರ್ ಅನ್ನೋ ರೇಡಿಯೊ ಇಟ್ಟುಕೊಂಡವರು ಸುಮ್ನೆ ಮನೆಯಲ್ಲಿ ಕೂತೇ ಕೇಳಬಹುದಿತ್ತು.